ಬೆರಳಿಗೆ ಅಂಟದ ಎಣ್ಣೆ

ಓಂಕಾರಣ್ಣಾ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ದೀಪಾವಳಿಗೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ, ನಿನ್ನ ಮನೆಗೆ ಬಂದಿದ್ದೆ. ನಾನು ಒಳಗೆ ಅತ್ತಿಗೆ ಜೊತೆ ಹೋಳಿಗೆ ಬೇಯಿಸುತ್ತಿದ್ದರೆ, ನೀನು ಹೇಳದೆ ಕೇಳದೆ ನಾನು ಬಾಡಿಗೆಗೆ ಓಡಿಸುವ ಕಾರಿನ ಕೆಳಗೆ ನುಗ್ಗಿ ಎಂಜಿನ್ ಆಯಿಲ್ ಇಳಿಸಿದ್ದೆ. ಮೂವತ್ತು ವರ್ಷ ಶೇಂಗಾ ಎಣ್ಣೆ ಗಿರಣಿಯಲ್ಲಿ ದುಡಿದವನು ನೀನು. ಯಾವ ಎಣ್ಣೆ ಕಂಡರೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಲೇಬೇಕು. ಹಾಗೆ ತಿಕ್ಕಿ, "ಥೂ, ನೀರಿನಂಗೈತಲ್ಲೇ ಶೈಲೂ! ಎಣ್ಣೆ ಅಂದ್ರೆ ಬೆರಳಿಗೆ ಅಂಟ್ಬೇಕು" ಎಂದೆ. ಅಷ್ಟು ದೂರ ಓಡಿ ಬಂದ ಎಂಜಿನ್ನಿನ ಬಿಸಿ ಎಣ್ಣೆ ಅಂಟುತ್ತದೆಯೇನಣ್ಣಾ? ಗಿರಣಿಯ ಹಳೇ ಜೀಪಿಗೆ ತಂದಿದ್ದ 20W-50 ಅನ್ನುವ ಗಟ್ಟಿ ಆಯಿಲ್ ಸುರಿದುಬಿಟ್ಟೆ.

ನನ್ನ ಕಾರಿಗೆ ಬೇಕಿದ್ದದ್ದು 5W-30. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಬರೆದಿತ್ತು, ಓದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? W ಅಂದರೆ ವಿಂಟರ್, ಚಳಿಗಾಲ. ಅದಕ್ಕೆ ಮೊದಲಿರುವ ಅಂಕಿ ಕಡಿಮೆಯಿದ್ದಷ್ಟೂ ತಣ್ಣಗಿರುವ ಎಂಜಿನ್ನಿನಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಆಮೇಲಿನ ಅಂಕಿ, ಎಂಜಿನ್ ಕಾದಾಗ ಎಣ್ಣೆ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎನ್ನುವುದಕ್ಕೆ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎನ್ನಲು ಇದೇನು ಎಮ್ಮೆ ಹಾಲೇ?

ಚಳಿಗಾಲವೆಲ್ಲ ಬೆಳಗ್ಗೆ ಕೀಲಿ ತಿರುವಿದರೆ ಎಂಜಿನ್ ಟಕಟಕ ಎನ್ನುತ್ತಿತ್ತು. ನಿನಗೆ ಫೋನ್ ಮಾಡಿದೆ. "ಸುಮ್ನಿರಮ್ಮ, ಸೆಟ್ ಆಗ್ತೈತೆ" ಎಂದೆ ನೀನು. ನಾನೊಬ್ಬಳು ಪೆದ್ದಿ, ನಂಬಿದೆ.

ಹೋದ ತಿಂಗಳು ತಳಕು ದಾಟಿದ ಮೇಲೆ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಕೈಕೊಟ್ಟು ಕಾರು ನಿಂತಿತು. ಒಳಗಿದ್ದವರು ನಮ್ಮ ಬೀದಿಯ ಸೂರಮ್ಮಜ್ಜಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಚಳ್ಳಕೆರೆಗೆ ಅವರನ್ನು ಕರೆದೊಯ್ಯುತ್ತಿದ್ದವಳು ನಾನೇ. ಆ ಉರಿಬಿಸಿಲಲ್ಲಿ ಒಂದು ಗಂಟೆ ರಸ್ತೆಯಲ್ಲಿ ನಿಂತೆವು. ಊದಿದ ಕಾಲೆಳೆದುಕೊಂಡು ಆ ಜೀವ ಲಗೇಜ್ ಆಟೊ ಹತ್ತಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೆಕ್ಯಾನಿಕ್ ಹುಲಿಯಪ್ಪ ಎಣ್ಣೆ ಇಳಿಸಿ, "ಯಾರಮ್ಮ ಈ ಗಟ್ಟಿ ಆಯಿಲ್ ಹಾಕಿದ್ದು? ಟರ್ಬೊಗೆ ಹೊತ್ತಿಗೆ ಸರಿಯಾಗಿ ಎಣ್ಣೆ ಮುಟ್ಟಿಲ್ಲ" ಎಂದ. ನಾನು ಕರೆಸಿದ್ದಕ್ಕೆ ಬಂದ ನೀನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಮುಖ ನೋಡಿ "ನಾನೇ" ಎಂದುಬಿಟ್ಟೆ. ಅಣ್ಣನ ಮಾನ ಹೋಗಬಾರದೆಂದು ಹಾಗೆಂದೆ ಕಣಣ್ಣಾ. ಆಗಲೂ ನೀನು ತುಟಿ ಬಿಚ್ಚಲಿಲ್ಲ. ಅದೂ ಸಾಲದೆಂದು, ಸೂರಮ್ಮಜ್ಜಿಯ ಮಗ ಅಂಜಿನೇಯ ಬಂದಾಗ ನಗುನಗುತ್ತಾ, "ಹೆಣ್ಮಕ್ಳ ಕೈಗೆ ಗಾಡಿ ಕೊಟ್ರೆ ಇಷ್ಟೇ ಕಣಪ್ಪಾ" ಎಂದೆಯಲ್ಲ! ನಾಲಿಗೆಗೆ ಎಲುಬಿಲ್ಲ ಸರಿ, ನಾಚಿಕೆಯೂ ಇಲ್ಲವೇ?

ಅಂಜಿನೇಯ ಈಗ ಬೇರೆ ಕಾರು ಗೊತ್ತು ಮಾಡಿಕೊಂಡಿದ್ದಾನೆ. ಬೀದಿಯವರೂ ನನ್ನನ್ನು ಕರೆಯುತ್ತಿಲ್ಲ. ರಿಪೇರಿಯಾಗಿ ಬಂದ ಕಾರು ಮನೆ ಮುಂದೆ ಸುಮ್ಮನೆ ನಿಂತಿದೆ. ಏಳು ವರ್ಷ ಒಂದು ಗೀರೂ ಬೀಳದಂತೆ ಓಡಿಸಿ ಸಂಪಾದಿಸಿದ ಹೆಸರು ನಿನ್ನ ಒಂದು ಮಾತಿಗೆ ಮಣ್ಣುಪಾಲಾಯಿತು.

ಭಾನುವಾರ ಬೆಳಗ್ಗೆ ಸೂರಮ್ಮಜ್ಜಿಯ ಮನೆಗೆ ಹೋಗುತ್ತೇನೆ. ನೀನೂ ಬಾ. ಎಣ್ಣೆ ಹಾಕಿದ್ದು ನಾನು, ತಂಗಿಯ ತಪ್ಪಿಲ್ಲ ಎಂದು ಅಂಜಿನೇಯನೆದುರು ನಿನ್ನ ಬಾಯಿಂದಲೇ ಹೇಳು. ಬರದಿದ್ದರೆ ನಾನೇ ಹೇಳುತ್ತೇನೆ, ನಿನ್ನ ಹೆಸರು ಹಿಡಿದೇ ಹೇಳುತ್ತೇನೆ. ಆಮೇಲೆ ಅತ್ತಿಗೆ ಕೈಲಿ ಫೋನ್ ಮಾಡಿಸಬೇಡ.

ನೀನು ಬಂದೇ ಬರುತ್ತೀಯೆಂದು ಈ ಹಾಳು ಮನಸ್ಸು ಇನ್ನೂ ನಂಬಿಕೊಂಡು ಕೂತಿದೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನಗೆ ಅದರ ಮೇಲೆ.

ತಾಯಿ ಚೌಡೇಶ್ವರಿ ನಿನ್ನನ್ನು ಚೆನ್ನಾಗಿಟ್ಟಿರಲಿ, ಭಾನುವಾರದ ಮಟ್ಟಿಗಾದರೂ ಧೈರ್ಯ ಕೊಡಲಿ.

ನಿನ್ನ ತಂಗಿ,
ಶೈಲಜಾ