ಹಂಚಿನ ಕೆಳಗಿನ ರಟ್ಟು

ರೇಣುಕಾನ ಅಪ್ಪಾರಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾನು ಅಳುತ್ತಾ ಬರೆಯುತ್ತಿಲ್ಲ. ನೀವು ಹೋದ ದಿನ ಓಣಿಯ ಹೆಂಗಸರೆಲ್ಲ ಸುತ್ತ ಕೂತು, "ಅತ್ತಬಿಡವಾ, ಎದಿ ಹಗುರ ಆಗತೈತಿ" ಎಂದು ಬೆನ್ನು ಸವರಿದರು. ನಾನು ಒಲೆಯ ಮೇಲೆ ಹಾಲು ಇಟ್ಟಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಾ ಕೂತಿದ್ದೆ. ಆಮೇಲೂ ಹಾಗೆಯೇ ನಡೆಯಿತು. ಉಂಡೆ, ಮಲಗಿದೆ, ಎದ್ದೆ. ಸಾರಿಗೆ ಉಪ್ಪು ಹಾಕದಿದ್ದರೂ ಗೊತ್ತಾಗುತ್ತಿರಲಿಲ್ಲ. ಬೈಯಲು ನೀವಿಲ್ಲವಲ್ಲ, ಅದಕ್ಕೋ ಏನೋ ನಾಲಿಗೆಯೂ ಜಡವಾಗಿತ್ತು. ಆದರೂ ಈಗ ಬರೆಯಲೇಬೇಕಾಗಿದೆ. ನೀವು ನಿಮ್ಮ ಕೈಯಾರೆ ಮಾಡಿದ್ದೊಂದನ್ನು ನಾನು ಕಿತ್ತುಹಾಕಿಸಿದ್ದೇನೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು.

ಕಾಗದದ ಮಿಲ್ಲಿನ ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬರುತ್ತಿದ್ದಿರಿ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು, ಊಟಕ್ಕೆ ಮುಂಚೆ ಒಂದು ಸಿಗರೇಟು. ಊಟ ಆದ ಮೇಲೆ ಇನ್ನೊಂದು. "ಬಾಯಾಗ ಬೆಂಕಿ ಇಟ್ಕೊಂಡು ಯಾರ ಮನಿ ದೀಪಾ ಹಚ್ಚತೀರಿ?" ಎಂದು ನಾನು ಒಳಗಿನಿಂದ ಕೂಗಿದರೆ, "ನಿನ್ನ ಬಾಯಾಗಿನ ಬೆಂಕಿಗಿಂತ ಇದು ತಂಪ ಐತಿ ಬಿಡ" ಎನ್ನುತ್ತಿದ್ದಿರಿ. ರಿಟೈರ್ ಆದ ಮೇಲೆ ಆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದಾಗಲೂ ಬಲಗೈಯ ಎರಡು ಬೆರಳು ಹಾಗೇ ಅಗಲವಾಗಿದ್ದವು, ನಡುವೆ ಏನೋ ಹಿಡಿದವರ ಹಾಗೆ. ಆ ಬೆರಳುಗಳನ್ನು ನಾನು ಸೇರಿಸಿ ಇಟ್ಟೆ. ಮತ್ತೆ ಅಗಲವಾದವು. ಅಷ್ಟು ಹಟ ಯಾಕೆ ರೀ ನಿಮಗೆ?

ಪಾಳಾದ ಗಂಡನ ಮನೆಯಿಂದ ಮಗಳ ಫೋನ್ ಬಂದಾಗಲೆಲ್ಲ ನೀವು ಸಿಗರೇಟು ಆರಿಸಿ ನನ್ನ ಪಕ್ಕ ಬಂದು ನಿಲ್ಲುತ್ತಿದ್ದಿರಿ. ಏನೂ ಕೇಳುತ್ತಿರಲಿಲ್ಲ. ನಾನು ಫೋನ್ ಇಟ್ಟ ಮೇಲೆ ಮುಖ ನೋಡುತ್ತಿದ್ದಿರಿ, ನಾನು ತಲೆ ಅಲ್ಲಾಡಿಸುತ್ತಿದ್ದೆ, ನೀವು ಹೋಗಿ ಇನ್ನೊಂದು ಹಚ್ಚುತ್ತಿದ್ದಿರಿ. ಮದುವೆಯಾಗಿ ಇಷ್ಟು ವರ್ಷವಾದರೂ ರೇಣುಕಾಗೆ ಮಕ್ಕಳಾಗಲಿಲ್ಲವೆಂದು ನಾವಿಬ್ಬರೂ ಬಾಯಿಬಿಟ್ಟು ಆಡಿಕೊಂಡದ್ದೇ ಇಲ್ಲ, ಅಲ್ಲವೇ? ಕೇಳಿರಿ ಈಗ. ನಿಮ್ಮ ದಿನಗಳ ಕಾರ್ಯ ಮುಗಿಸಿ ಅವಳು ಪಾಳಾಕ್ಕೆ ಹೋದ ಮೇಲೆ ಗೊತ್ತಾಯಿತು, ಅವಳು ಬಸುರಿ ಎಂದು. ಇನ್ನೊಂದು ಸ್ವಲ್ಪ ದಿನ ನೀವು ತಡೆದಿದ್ದರೆ...

ಬಸುರಿಗೆ ಉಡಿ ತುಂಬುವ ಕುಬಸವನ್ನು ಅವಳ ಅತ್ತೆ ನೀಲವ್ವ ಪಾಳಾದಲ್ಲೇ ಮಾಡಿದರು. ನಮ್ಮ ಮನೆಯಲ್ಲಿ ವರ್ಷ ಕಳೆಯುವವರೆಗೆ ಶುಭಕಾರ್ಯ ಮಾಡುವ ಹಾಗಿರಲಿಲ್ಲವಲ್ಲ. ಆದರೆ ಚೊಚ್ಚಲ ಬಾಣಂತನ ತವರಿನದೇ, ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ. ಕುಬಸದ ಮಾರನೆಯ ದಿನ ರೇಣುಕಾನನ್ನು ಬಿಡಲು ನೀಲವ್ವನೇ ಜೊತೆಗೆ ಬಂದರು. ನಾನು ಬಾಗಿಲಲ್ಲಿ ನೀರು ಹಿಡಿದು ನಿಂತಿದ್ದೆ. ರೇಣುಕಾ ಹೊಸ್ತಿಲ ಮೇಲೆ ಕಾಲಿಟ್ಟವಳು ಹಾಗೇ ಹಿಂದೆ ಸರಿದು, ಕಟ್ಟೆಗೆ ಕೈಯೂರಿ, ತಿಂದದ್ದನ್ನೆಲ್ಲ ಹೊರಗೆ ಹಾಕಿದಳು.

"ಅವ್ವಾ, ಏನ್ ವಾಸನಿ ಅದು?" ಎಂದಳು ಬಾಯಿ ಒರೆಸಿಕೊಂಡು.

"ಯಾವ ವಾಸನಿ?"

"ಅಪ್ಪಾಂದು, ಸಿಗರೇಟಿಂದು. ನಾ ಇದರಾಗ ಬೆಳದಾಕಿ, ಈಗ ಯಾಕ ಹಿಂಗ ಆಗಾಕತ್ತೈತಿ?"

ಅವಳು ಒಳಗೆ ಬರಲಿಕ್ಕೇ ಆಗಲಿಲ್ಲ. ಮೂರು ಸಲ ಸೆರಗು ಮೂಗಿಗೆ ಹಿಡಿದು ಬಂದಳು, ಮೂರು ಸಲ ಹೊರಗೆ ಓಡಿದಳು. ಕೊನೆಗೆ ನೀಲವ್ವ ನನ್ನ ಕೈ ಹಿಡಿದುಕೊಂಡು, "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕಾರ. ಕೂಸಿಗೂ ಈ ವಾಸನಿ ಚಲೋ ಅಲ್ಲಂತ ಡಾಕ್ಟರ್ ಹೇಳ್ಯಾರ. ಬಾಣಂತನ ನಮ್ಮಲ್ಲೇ ಮಾಡ್ತೇವಿ, ನೀವೂ ಅಲ್ಲೇ ಬಂದು ಇರ್ರಿ" ಎಂದರು. ಅವರು ಕೆಟ್ಟವರಲ್ಲ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಬೀಗರ ಮನೆಯಲ್ಲಿ ಕೂತು ನಾನು ನನ್ನ ಮಗಳ ಬಾಣಂತನ ಮಾಡಬೇಕೇ? ನಿಮ್ಮ ನಂತರ ಈ ಮನೆಗೆ ಬರುವ ಮೊದಲ ಜೀವ ಆ ಕೂಸು. ಅದು ಮೊದಲು ಇಲ್ಲಿಗೇ ಬರಬೇಕು. ಬೇರೆ ಯಾವ ಆಸೆಯೂ ನನ್ನಲ್ಲಿ ಉಳಿದಿರಲಿಲ್ಲ. "ಒಂದೀಟ ದಿವಸ ಕೊಡ್ರಿ, ಮನಿ ಸ್ವಚ್ಛ ಮಾಡ್ತೇನಿ" ಎಂದೆ. ಅವರು ಮಗಳನ್ನು ಕರೆದುಕೊಂಡು ಬಂದ ಗಾಡಿಯಲ್ಲೇ ತಿರುಗಿ ಹೋದರು.

ನಾವು ಮದುವೆಯಾಗಿ ಹೊಸದಾಗಿ ಬಂದಾಗ ನಾನು ಮಿಲ್ಲಿನ ನಾತ ಹೊತ್ತ ದಾಂಡೇಲಿಯ ಗಾಳಿಗೇ ಮೂಗು ಮುಚ್ಚಿಕೊಂಡಿದ್ದು ನೆನಪಿದೆಯೇ? "ಇದು ನಾರೂದಲ್ಲ, ಅನ್ನದ ವಾಸನಿ" ಎಂದು ನಕ್ಕಿದ್ದಿರಿ. ಕೆಲವೇ ತಿಂಗಳಲ್ಲಿ ನನಗೆ ಏನೂ ತಿಳಿಯದಾಯಿತು. ಧಾರವಾಡದಿಂದ ನಮ್ಮ ಅಣ್ಣ ಬಂದು ಮೂಗು ಮುಚ್ಚಿಕೊಂಡರೆ ನಾನೇ ನಗುತ್ತಿದ್ದೆ. ಈ ಊರಿನಲ್ಲಿ ಇದ್ದವರ ಮೂಗೇ ಹಾಗೆ, ಬೇಡವಾದದ್ದನ್ನು ಬಿಟ್ಟುಬಿಡುತ್ತದೆ. ಹಾಗಿರುವಾಗ ನಿಮ್ಮ ಸಿಗರೇಟು ನನಗೆಲ್ಲಿ ತಿಳಿಯಬೇಕು? ಬಾಗಿಲು ಹಾಕಿಕೊಂಡು ಗೋಡೆಗೆ ಮೂಗು ಹಚ್ಚಿ ನೋಡಿದೆ. ಗೋಡೆ ಗೋಡೆಯ ಹಾಗಿತ್ತು.

ಮೂಗು ತಿಳಿಸದಿದ್ದರೂ ಕೈ ಸುಮ್ಮನಿರಲಿಲ್ಲ. ಪರದೆ, ಚಾದರ, ದಿಂಬಿನ ಚೀಲ ಎಲ್ಲ ಸೋಡಾ ಹಾಕಿ ಕುದಿಸಿದೆ. ಗಾದಿ ಬಿಚ್ಚಿಸಿ ಹತ್ತಿ ಹೊಡೆಸಿದೆ. ಗೋಡೆಗಳನ್ನು ಸೋಪಿನ ನೀರಿನಲ್ಲಿ ತಿಕ್ಕಿದರೆ ಇಳಿದು ಬಂದ ನೀರು ಕಡಕ್ ಚಹಾದ ಬಣ್ಣ. ಬಕೆಟ್ಟಿಗೆ ಬಕೆಟ್ಟು ಚೆಲ್ಲುತ್ತಾ, ಇದೆಲ್ಲ ನಿಮ್ಮ ಎದೆಯಲ್ಲೂ ಇತ್ತಲ್ಲ ಎಂದುಕೊಂಡೆ. ಎಂದುಕೊಂಡೆ, ಅಷ್ಟೇ. ಕಣ್ಣಲ್ಲಿ ನೀರು ಬರಲಿಲ್ಲ. ಬೆತ್ತದ ಕುರ್ಚಿಯನ್ನು ಹಿತ್ತಲಿನ ಬಿಸಿಲಿಗೆ ಹಾಕಿದೆ. ಮೂಲೆಮೂಲೆಗೆ ಬುಟ್ಟಿಯಲ್ಲಿ ಇದ್ದಿಲು ಇಟ್ಟೆ. ಪಕ್ಕದ ಮನೆಯ ಮೆಹಬೂಬಿ ದಿನಾ ಬಂದು ಹೊಸ್ತಿಲಲ್ಲಿ ನಿಂತು ಮೂಸುತ್ತಿದ್ದಳು. ಅವಳೂ ಇದೇ ಊರಿನವಳೇ, ಆದರೆ ಅವಳ ಮನೆಯಲ್ಲಿ ಯಾರೂ ಸೇದುವುದಿಲ್ಲ, ಆದ್ದರಿಂದ ಇದಕ್ಕೆ ಮಾತ್ರ ಅವಳ ಮೂಗು ಚುರುಕು. "ಇನ್ನಾ ಐತ್ರಿ ಅಕ್ಕಾ" ಎನ್ನುತ್ತಿದ್ದಳು ದಿನವೂ. ಒಂದು ದಿನ ಲೋಬಾನ ತಂದುಕೊಟ್ಟಳು. ಮನೆ ತುಂಬ ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸಿದೆ. ಹೊಗೆ ಆರಿದ ಮೇಲೆ ಬಂದು ಮೂಸಿ, ತಲೆ ಕೆರೆದುಕೊಂಡು, "ಅಕ್ಕಾ, ಏನ್ ಹೇಳ್ಲಿ, ದರ್ಗಾದಾಗ ಕುಂತು ಅಣ್ಣಾರು ಸಿಗರೇಟ್ ಸೇದಿದಂಗ ಐತ್ರಿ" ಎಂದಳು. ನಿಮಗಾದರೆ ನಗು ಬರುತ್ತಿತ್ತು.

ನೀಲವ್ವ ಒಬ್ಬರೇ ನೋಡಿಹೋಗಲು ಬಂದರು. ಚಹಾ ಕೊಟ್ಟೆ. ಕುಡಿಯಲಿಲ್ಲ, ಕುತ್ತಿಗೆ ಮೇಲೆತ್ತಿ ನೋಡುತ್ತಾ ಕೂತರು.

"ಮ್ಯಾಲೆ ಏನ್ ಬಡದೀರಿ ಅಕ್ಕಾರ ಅದು?"

"ರಟ್ಟು. ಮಿಲ್ಲಿನ ರಟ್ಟು. ನಮ್ಮನಿಯವರ ಬಡದಿದ್ರು, ಹಂಚಿನ ಧೂಳ ಬೀಳಬಾರ್ದಂತ."

"ಅಷ್ಟ ಹಳದಿ ಯಾಕ ಆಗೇತ್ರಿ?"

"ಹಳೇದಾತಲ್ಲರಿ. ಕಾಗದ ಅಂದಮ್ಯಾಲೆ ಹಳದಿ ಆಗೂದ."

ಇದು ನಿಮ್ಮದೇ ಮಾತು. ಒಮ್ಮೆ ನಾನು ಕೇಳಿದಾಗ ನೀವು ಹೊಗೆ ಬಿಡುತ್ತಾ ಮೇಲೆ ನೋಡಿ, "ಕಾಗದಕ್ಕ ವಯಸ್ಸಾದ್ರ ಹಳದಿ ಆಗತೈತಿ, ನನ್ನಂಗ" ಎಂದಿದ್ದಿರಿ. ಆಯುಷ್ಯವೆಲ್ಲ ಕಾಗದ ಮಾಡಿದವರು ಹೇಳಿದ ಮೇಲೆ ನಾನು ನಂಬದೇ ಇರುತ್ತೇನೆಯೇ? ನಮ್ಮ ಮನೆಯಲ್ಲಿ ಕಾಗದದ ಮೇಲೆ ಯಾರೂ ಸಂಶಯ ಪಡುತ್ತಿರಲಿಲ್ಲ. ಕಾಗದ ಅಂದರೆ ಅನ್ನ. ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಮೇಲೆ ನೋಡುತ್ತಿದ್ದರೋ ಏನೋ. ನಾನು ನೆಲ ತಿಕ್ಕಿದೆ, ಗೋಡೆ ತಿಕ್ಕಿದೆ, ತಲೆಯ ಮೇಲಿದ್ದದ್ದನ್ನು ಬಿಟ್ಟೆ.

"ಮೂಲ್ಯಾಗ ನೋಡ್ರಿ, ಹಾಲಿನ ಕೆನಿ ಬಣ್ಣ ಐತಿ. ಇಲ್ಲೆ ನಡುವ ಬೆಲ್ಲದ ಬಣ್ಣ" ಎಂದರು ನೀಲವ್ವ. "ಇದರ ಕೆಳಗ ಏನ್ ಇತ್ತ್ರಿ?"

ಅದರ ಕೆಳಗೆ ನಿಮ್ಮ ಕುರ್ಚಿ ಇತ್ತು.

ರೇಣುಕಾ ಹುಟ್ಟಿ ತೊಟ್ಟಿಲಿಗೆ ಹಾಕಿದ ವಾರದಲ್ಲೇ ಅಲ್ಲವೇ ಹಂಚಿನ ಸಂದಿಯಿಂದ ಜರಿಹುಳ ಬಿದ್ದದ್ದು? ಅವಳ ಮಗ್ಗುಲಿಗೇ ಬಿದ್ದು ಹರಿದಾಡುತ್ತಿತ್ತು. ನಾನು ಚೀರಿದೆ. ನೀವು ಬರಿಗೈಯಲ್ಲಿ ಹಿಡಿದು ಹೊರಗೆ ಎಸೆದಿರಿ. ಮರುದಿನ ಮಿಲ್ಲಿನವರು ಬೇಡವೆಂದು ಮಾರುತ್ತಿದ್ದ ದಪ್ಪ ರಟ್ಟುಗಳನ್ನು ಕೊಂಡು, ಸೈಕಲ್ಲಿಗೆ ಕಟ್ಟಿ, ಗಾಳಿಗೆ ಹಾರದಂತೆ ಅಪ್ಪಿ ಹಿಡಿದು ತಳ್ಳಿಕೊಂಡು ಬಂದಿರಿ. ಮೊಳೆ ರಟ್ಟನ್ನು ಹರಿಯಬಾರದೆಂದು ಒಂದೊಂದು ಮೊಳೆಗೂ ಸೋಡಾ ಬಾಟಲಿಯ ಮುಚ್ಚಳದ ಬಿಲ್ಲೆ ಹಾಕಿ ಬಡಿದಿರಿ. ಕೆಳಗೆ ನಿಂತು ಬಿಲ್ಲೆ ಕೊಟ್ಟವಳು ನಾನೇ. ಎಲ್ಲ ಮುಗಿದ ಮೇಲೆ ತೊಟ್ಟಿಲ ಹತ್ತಿರ ಬಗ್ಗಿ, "ಇನ್ನ ಮ್ಯಾಲಿಂದ ಏನೂ ಬೀಳಂಗಿಲ್ಲ, ಮಲಗವಾ" ಎಂದಿರಿ. ಅಂಥದ್ದನ್ನು ಕೀಳಿಸು ಎಂದು ಯಾವ ಬಾಯಿಂದ ಹೇಳಲಿ?

ಹೇಳಿದೆ. ಮೆಹಬೂಬಿಯ ಗಂಡ ಗ್ಯಾರೇಜಿಗೆ ಹೋಗುವ ಮುಂಚೆ ಬಂದು ಏಣಿ ಹತ್ತಿದ. ಮೊದಲ ಮೊಳೆಗೆ ಕೈ ಹಚ್ಚಿ ಕೆಳಗೆ ನೋಡಿ, "ತಗೀಲೇನ್ರಿ ಅಕ್ಕಾ? ಅಣ್ಣಾರು ಭಾಳ ಗಟ್ಟಿ ಬಡದಾರ" ಎಂದ. "ತಗೀರಿ" ಎಂದೆ. ಬಿಲ್ಲೆ ಕಳಚಿದಲ್ಲೆಲ್ಲ ರಟ್ಟಿನ ಮೇಲೆ ಗುಂಡಗೆ ಬೆಳ್ಳಗಿತ್ತು, ಮಿಲ್ಲಿನಿಂದ ಇವತ್ತೇ ಬಂದ ಹಾಗೆ. ವಯಸ್ಸಾಗಿ ಹಳದಿಯಾಗಿದ್ದರೆ ಬಿಲ್ಲೆಯ ಅಡಿಯಲ್ಲೂ ಆಗಬೇಕಿತ್ತಲ್ಲ ರೀ? ಅದು ವಯಸ್ಸಲ್ಲ, ನಿಮ್ಮ ಹೊಗೆ. ಕಾಗದ ಮಾಡಿದವರು ಕಾಗದದ ವಿಷಯದಲ್ಲೇ ಸುಳ್ಳು ಹೇಳಿದಿರಿ. ಅಥವಾ ನಿಮಗೂ ಗೊತ್ತಿರಲಿಲ್ಲವೋ ಏನೋ, ಈಗ ಯಾರನ್ನು ಕೇಳಲಿ? ರಟ್ಟುಗಳನ್ನು ಹಂಡೆಯ ಒಲೆಗೆ ಹಾಕೋಣವೆಂದುಕೊಂಡು ಎತ್ತಿಕೊಂಡೆ. ಮತ್ತೆ ಹೊಗೆ ಯಾಕೆ ಎಂದು ರದ್ದಿಯವನಿಗೆ ಕೊಟ್ಟುಬಿಟ್ಟೆ. ಬೆತ್ತದ ಕುರ್ಚಿಯನ್ನೂ ಅವನೇ ಒಯ್ದ. ಆಮೇಲೆ ಗೋಡೆಗೆ ಸುಣ್ಣ ಹೊಡೆಸಿದೆ. ಮೆಹಬೂಬಿ ಬಂದು ಹೊಸ್ತಿಲಲ್ಲಿ ನಿಂತಳು, ಒಳಗೆ ಬಂದಳು, ಅಡುಗೆಮನೆಯವರೆಗೂ ಹೋದಳು. "ಹೋತ್ರಿ ಅಕ್ಕಾ" ಎಂದಳು. ಸಂತೋಷ ಆಗಬೇಕಿತ್ತು. "ಹೌದೇನು, ಚಲೋ ಆತು" ಎಂದು ಹೇಳಿ ಪಾತ್ರೆ ತೊಳೆಯಲು ಹೋದೆ.

ರೇಣುಕಾ ಬಂದಳು. ಹೊಸ್ತಿಲಲ್ಲಿ ನಿಂತು ಉಸಿರು ಎಳೆದುಕೊಂಡು, ಒಳಗೆ ಕಾಲಿಟ್ಟು, ನಡುಮನೆಯಲ್ಲಿ ಕೂತು ರೊಟ್ಟಿ ಕೇಳಿದಳು. ಹೆರಿಗೆ ಇಲ್ಲೇ ದಾಂಡೇಲಿಯ ದವಾಖಾನೆಯಲ್ಲಿ ಆಯಿತು. ಹೆಣ್ಣು ರೀ. ಅಳು ನಿಮ್ಮ ಕೆಮ್ಮಿನ ಹಾಗೆ, ಶುರುವಾದರೆ ಓಣಿಗೆಲ್ಲ ಕೇಳಬೇಕು. ಮನೆಗೆ ತಂದ ದಿನ ನೀಲವ್ವನೇ ಹೊಸ್ತಿಲ ಹೊರಗೆ ನಿಂತು, "ಮೊದಲ ನಿಮ್ಮ ಕೈಯಾಗ ತಗೋರಿ ಅಕ್ಕಾರ" ಎಂದು ಕೂಸನ್ನು ನನಗೆ ಕೊಟ್ಟರು.

ಈಗ ತೊಟ್ಟಿಲ ಮೇಲೆ ಬರೀ ಹಂಚು. ಏನಾದರೂ ಕಟ್ಟಲೇಬೇಕಿತ್ತು. ನಿಮ್ಮ ಧೋತರ ಒಂದಿತ್ತು, ಹಬ್ಬಕ್ಕೆ ಉಡುತ್ತಿದ್ದದ್ದು. ಒಗೆದು ಒಣಗಿಸಿ, ಮತ್ತೆ ಒಗೆದು, ಬಿಸಿಲಿಗೆ ಹಾಕಿ, ಮಡಚಿ ತಂದು ರೇಣುಕಾನ ಕೈಗೆ ಕೊಟ್ಟೆ.

"ನನ್ನ ಮೂಗಿಗೆ ಏನೂ ತಿಳಿಯಂಗಿಲ್ಲವಾ. ನೀ ನೋಡು. ನಿನಗ ಆಗದಿದ್ರ ಬ್ಯಾಡ."

ಅವಳು ಮೂಗಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಮಡಿಕೆ ಬಿಚ್ಚಿ ಅಂಚಿಗೆ ಮೂಗು ಹಚ್ಚಿದಳು, ಆಮೇಲೆ ಇನ್ನೊಂದು ಅಂಚಿಗೆ.

"ಇನ್ನೂ ಐತೇನ?"

"ಇಲ್ಲವ್ವ" ಎಂದಳು. "ಎಲ್ಲೂ ಇಲ್ಲ." ಮುಖ ಅದರಲ್ಲಿ ಮುಚ್ಚಿಕೊಂಡು, "ಒಂಚೂರರೆ ಇರಬೇಕಿತ್ತ" ಎಂದು ಅಳತೊಡಗಿದಳು.

ವಾಸನೆ ತಾಳದೆ ಹೊಸ್ತಿಲಲ್ಲಿ ವಾಂತಿ ಮಾಡಿಕೊಂಡವಳು ಈಗ ಅದನ್ನೇ ಹುಡುಕುತ್ತಿದ್ದಳು ರೀ. ನಾನು ಇನ್ನೊಂದು ತುದಿ ಹಿಡಿದು ಮೂಸಿದೆ. ಸೋಪು, ಬಿಸಿಲು, ಅಷ್ಟೇ. ತಲೆಯೆತ್ತಿ ಮನೆಯ ಗಾಳಿ ಎಳೆದುಕೊಂಡೆ. ಸುಣ್ಣದ ವಾಸನೆ ಬಂತು. ನನ್ನ ಮೂಗಿಗೆ ಸುಣ್ಣ ತಿಳಿಯಿತು. ಇಷ್ಟು ವರ್ಷ ಇದ್ದದ್ದು ಈಗ ಇಲ್ಲ ಎಂಬುದೂ ತಿಳಿಯಿತು. ಅವತ್ತು ಗೊತ್ತಾಯಿತು ನನಗೆ, ನೀವು ಹೋಗಿದ್ದೀರಿ ಎಂದು. ಓಣಿಯ ಹೆಂಗಸರು ಹೇಳಿದ ಹಾಗೆ ಅತ್ತುಬಿಟ್ಟೆ. ಹಗುರವೇನೂ ಆಗಲಿಲ್ಲ.

ರಟ್ಟು ಮತ್ತೆ ಬಡಿಸುವುದಿಲ್ಲ. ಧೋತರವನ್ನು ನಾಲ್ಕು ಮೂಲೆ ಎಳೆದು ತೊಟ್ಟಿಲ ಮೇಲೆ ಕಟ್ಟಿದ್ದೇವೆ. ನಿನ್ನೆ ಮಧ್ಯಾಹ್ನ ಹಂಚಿನ ಚೂರೊಂದು ಬಿತ್ತು. ನಾನು ಓಡಿ ಬಂದು ನೋಡಿದರೆ ಅದು ಧೋತರದ ನಡುವೆ ಕೂತಿತ್ತು. ಕೂಸು ಏಳಲಿಲ್ಲ.

ನಿಮ್ಮ
ರೇಣುಕಾನ ಅವ್ವ