ಗುಂಡಿ ತೋಡದ ಬೀದಿ

ಅಮ್ಮನಿಗೆ,

ಅಪ್ಪನ ಮೇಲೆ ಮಣ್ಣು ಕುಸಿದ ಬೀದಿಯಲ್ಲೇ ಈ ವಾರ ನನ್ನ ಕೆಲಸ. ಪೈಪ್ ಹಾಕಲು ಈಗ ಬೀದಿಯುದ್ದ ಅಗೆಯುವುದಿಲ್ಲ; ಯಂತ್ರವೇ ನೆಲದಡಿಯಲ್ಲಿ ಅಡ್ಡಲಾಗಿ ಕೊರೆದುಕೊಂಡು ಹೋಗುತ್ತದೆ. ಅದರ ಮೂತಿ ಎಲ್ಲಿದೆಯೆಂದು ತಿಳಿಸುವ ಉಪಕರಣ ಹಿಡಿದು ನಾನು ಮೇಲೆ ನಡೆಯುತ್ತೇನೆ.

ನಿನ್ನೆ ದರ್ಜಿ ಅಂಗಡಿಯ ಮುಂದೆ ಸಿಗ್ನಲ್ ನಿಂತುಹೋಯಿತು. ಬುತ್ತಿ ತಂದಾಗ ನೀನು ಗುಂಡಿಯ ಅಂಚಿನಲ್ಲಿ ನಿಂತು ಕೂಗುತ್ತಿದ್ದೆಯಲ್ಲ, ಹಾಗೇ ನಾನೂ ಬಗ್ಗಿ, "ಇದ್ದೀರಾ?" ಎಂದುಬಿಟ್ಟೆ. ಮೇಸ್ತ್ರಿ ನಕ್ಕರು. ಅಷ್ಟರಲ್ಲಿ ಸಿಗ್ನಲ್ ಬಂತು. ಅಪ್ಪನ ಹಾಗೆ "ಇದ್ದೀನಿ ಕಣೇ" ಅನ್ನಲಿಲ್ಲ, ಅಷ್ಟೆ.

ಆ ಬೀದಿ ನೋಡಲಾರೆನೆಂದು ಅಕ್ಕನ ಮನೆಯಲ್ಲಿ ಎಷ್ಟು ದಿನ ಇರುತ್ತೀಯ? ಶನಿವಾರ ಬಾ. ಬರುವಾಗ ಅಪ್ಪನ ಬುತ್ತಿ ಡಬ್ಬಿ ತಾ, ನನಗೆ ಬೇಕು. ಕೂಗಬೇಕಾಗಿಲ್ಲ, ನಾನು ಮೇಲೇ ಇರುತ್ತೇನೆ.

ನಿನ್ನ ಕಿರಿಮಗಳು