ಎಬ್ಬಿಸಿ ನೋಡಿದ ಉಸಿರು

ಮಾವಿನಕುರ್ವೆ, ಜುಲೈ ೧೯೮೩

ಮಾನ್ಯ ವೈದ್ಯಾಧಿಕಾರಿಗಳೇ,

ಮಲಗಿದಾಗ ನನ್ನ ತಮ್ಮ ಶನಿಯಾರನ ಉಸಿರು ನಿಲ್ಲುತ್ತದೆ. ಅದಕ್ಕೆ ನೀವು ಕೊಟ್ಟ ಔಷಧ ನಿದ್ದೆಮಾತ್ರೆ! ಮತ್ತೆ ಬಂದು ಕೇಳಿದರೆ ಬಾಗಿಲಲ್ಲೇ ತಡೆದರು. ಅದಕ್ಕೇ ಊರೆಲ್ಲ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಶನಿಯಾರ ಮೀನುದೋಣಿಯ ತಾಂಡೇಲ. ಚುಕ್ಕಾಣಿಯೂ ಅವನದೇ, ಆಳುಗಳ ಜೀವವೂ ಅವನ ಕೈಯಲ್ಲೇ. ಅವನ ಗೊರಕೆ ಥಟ್ಟನೆ ನಿಂತರೆ ದೋಣಿಯವರು, "ಇಂಜಿನ್ ಬಂದ್ ಆತು, ಡೀಸೆಲ್ ಹಾಕ್ರೋ!" ಎಂದು ನಗುತ್ತಾರೆ. ಪಕ್ಕದಲ್ಲಿ ಕೂತು ನೋಡಿದವರು ನಗುವುದಿಲ್ಲ. ಎದೆ ಎಳೆಯುತ್ತದೆ, ಹೊಟ್ಟೆ ಎಳೆಯುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ತುಟಿ ಕಪ್ಪಾಗುತ್ತದೆ. ಆಮೇಲೆ ಮುಳುಗಿದವನು ಮೇಲೆ ಬಂದ ಹಾಗೆ ಒಮ್ಮೆ ಬಾಯ್ತೆರೆದು ಉಸಿರೆಳೆಯುತ್ತಾನೆ. ಮತ್ತೆ ಗೊರಕೆ, ಮತ್ತೆ ಅದೇ. ಬೆಳಿಗ್ಗೆ ತಲೆನೋವು, ಸಿಡುಕು, ಕೂತಲ್ಲೇ ತೂಕಡಿಕೆ. ಹೋಳಿ ಕಳೆದ ಮೇಲೆ ಒಮ್ಮೆ ಹಾಡುಹಗಲೇ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಚುಕ್ಕಾಣಿ ಹಿಡಿದೇ ನಿದ್ದೆಹೋದ. ಬಲೆ ಎಳೆಯುವ ಕುಪ್ಪ ಹಾರಿಬಂದು ತಿರುಗಿಸದಿದ್ದರೆ ದೋಣಿ ಬಂಡೆಗೆ ಬಡಿಯುತ್ತಿತ್ತು.

ಇಷ್ಟಾದ ಮೇಲೆ ನಿಮ್ಮಲ್ಲಿಗೆ ಕರೆತಂದೆವು. ಸರದಿ ಕಾಯುತ್ತ ಬೆಂಚಿನ ಮೇಲೇ ನಿದ್ದೆಹೋದ. ನಿಮ್ಮ ಬಾಗಿಲೆದುರೇ ಉಸಿರು ನಿಂತಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಿಮ್ಮನ್ನು ಕರೆಯಲು ನಾನು ಏಳುವಷ್ಟರಲ್ಲಿ ಕಂಪೌಂಡರು, "ಏ, ಸಾಹೇಬ್ರು ಬಂದ್ರು, ಏಳ್ಸಿ ಅವ್ನ! ಇದೆಂತ ನಿಮ್ಮನೆ ಜಗಲಿಯಾ?" ಎಂದರು. ಅವನ ಹೆಂಡತಿ ದುರ್ಗಿ ಹೆದರಿ, ಭುಜ ಅಲುಗಿಸಿ ಎಬ್ಬಿಸಿ ನಿಲ್ಲಿಸಿದಳು. ದೊಡ್ಡವರೆದುರು ಮಲಗಬಾರದಲ್ಲ!

ಎಚ್ಚರವಾದವನ ಎದೆಗೆ ಸ್ಟೆತಾಸ್ಕೋಪು ಇಟ್ಟು, "ಉಸಿರು ಚಲೋ ಇದೆ. ಗೊರಕೆ ಅಂದರೆ ಒಳ್ಳೇ ನಿದ್ದೆ" ಎಂದಿರಿ.

"ಅಲ್ರಾ ಸಾಹೇಬ್ರೆ, ಉಸ್ರು ನಿಲ್ಲೂದು ನಿದ್ದೆಲಿ" ಎಂದೆ.

"ಡಾಕ್ಟರು ನೀನೋ ನಾನೋ?"

ನೀವೇ ಸ್ವಾಮಿ, ಅದಕ್ಕೇ ಬಂದದ್ದು. ಮಳೆಯಿಲ್ಲದ ದಿನ ಮನೆಯ ಮಾಡು ನೋಡಿ ಸೋರುವುದಿಲ್ಲ ಎನ್ನುವುದು ಯಾವ ಪರೀಕ್ಷೆ? ಮೊದಲು ಉಸಿರು ನಿಂತಾಗ ತಾನೇ ಬೆಚ್ಚಿ ಏಳುತ್ತಿದ್ದ. ಹಾಗೆ ಏಳದಿರಲೆಂದು ನೀವು ನಿದ್ದೆಮಾತ್ರೆ ಕೊಟ್ಟಿರಿ. ನಿಮ್ಮ ಮಾತ್ರೆ ನುಂಗಿದ ಮೇಲೆ ದುರ್ಗಿ ಹೊಡೆದು ಎಬ್ಬಿಸಬೇಕಾಯಿತು. ಉಳಿದ ಮಾತ್ರೆಗಳನ್ನು ನಾನೇ ಹೊಳೆಗೆ ಎಸೆದೆ.

ಈಗ ಮಳೆಗಾಲ, ದೋಣಿ ದಡದಲ್ಲಿದೆ. ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ಅಂದು ಚುಕ್ಕಾಣಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ತಾಂಡೇಲ ನಮ್ಮಲ್ಲಿ ಹುಟ್ಟಿಲ್ಲ. ಬೇಡವೆಂದರೆ, "ಡಾಕ್ಟ್ರೇ ಚಲೋ ಅಂದ್ರು, ನಿಂದೆಂತ ಅಕ್ಕ?" ಎನ್ನುತ್ತಾನೆ. ನಿಮ್ಮ ಆ ಮಾತನ್ನು ನಂಬಿ ಆಳುಗಳೂ ದೋಣಿ ಹತ್ತುತ್ತಾರೆ.

ಅದಕ್ಕೆ ಮುಂಚೆ ಅವನನ್ನು ವಾರ್ಡಿನಲ್ಲಿ ಒಂದು ರಾತ್ರಿ ಮಲಗಿಸಿಕೊಳ್ಳಿ. ಯಾರೂ ಎಬ್ಬಿಸದಂತೆ ನೀವೇ ಪಕ್ಕದಲ್ಲಿ ಕೂತು ನೋಡಿ. ಆಗದಿದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡಿ. ಎರಡೂ ಆಗದಿದ್ದರೆ ಹುಣ್ಣಿಮೆಯ ದಿನ ಬನ್ನಿ, ನೀವೂ ಅವನ ದೋಣಿಯಲ್ಲಿ ಕೂತು ಅಳಿವೆ ದಾಟಿ.

ಇಂತಿ,
ನಿಮ್ಮ ಬಾಗಿಲಲ್ಲಿ ಬೈಸಿಕೊಂಡು ಮರಳಿದ
ಮೀನು ಮಾರುವ ಮಂಜಿ